ಕಣ್ಣು ಮುಚ್ಚದ ಹುಡುಗಿ

ಶಾಲೆಯ ನೆಲಮಾಳಿಗೆಯಲ್ಲಿ ಪುಟ್ಟ ಮಕ್ಕಳಿಗೆ ಯೋಗ ಹೇಳಿಕೊಡುತ್ತಿದ್ದ ಆಕೆಗೆ ಮಕ್ಕಳು ಇಟ್ಟ ಹೆಸರು ಕಪ್ಪೆ ಟೀಚರ್. ಮೈ ಸ್ವಲ್ಪ ದಪ್ಪ. ಆದರೂ ಪಾಠದ ಮೊದಲು ತಾನೇ ಕುಕ್ಕರಗಾಲಿನಲ್ಲಿ ಕೂತು ಗೋಡೆಯಿಂದ ಗೋಡೆಗೆ ಕುಪ್ಪಳಿಸುತ್ತಿದ್ದಳು. ಹಾವಿನ ಆಸನ ಎಂದರೆ ಸಾಕು, ಪಕ್ಕದವರ ಕಾಲು ಕಚ್ಚುವ ಒಬ್ಬ ಪೋರನಿದ್ದ. "ಹಾವೇ, ಹಲ್ಲು ಕಿತ್ತು ಡಬ್ಬಿಗೆ ಹಾಕ್ತೀನಿ ನೋಡು!" ಎಂದು ಗದರಿದರೆ ಹಾವಿಗೇ ನಗು.

ಮೊದಲು ಅವಳು ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಬೆನ್ನುನೋವಿಗೆಂದು ಕಲಿತ ಯೋಗವೇ ಮುಂದೆ ಕೆಲಸವಾಯಿತು. ಅವಳ ಹೆಮ್ಮೆಯೆಲ್ಲ ಪಾಠದ ಕೊನೆಯ ಶವಾಸನದಲ್ಲಿತ್ತು. "ಅಂಗಾತ ಮಲಗಿ, ಕಣ್ಣು ಮುಚ್ಚಿ" ಎಂದರೆ ಇಡೀ ಕೋಣೆ ಸದ್ದಿಲ್ಲದಾಗುತ್ತಿತ್ತು. ಕಿಟಕಿಯಲ್ಲಿ ಇಣುಕುವ ತಾಯಂದಿರು, "ನಮ್ಮನೇಲಿ ಒಂದು ಗಳಿಗೆ ಕೂತಲ್ಲಿ ಕೂರಲ್ಲ, ಇಲ್ಲಿ ನೋಡಿ!" ಎಂದು ಬೆರಗಾಗುತ್ತಿದ್ದರು.

ಆ ವರ್ಷ ಸೇರಿದ ಒಬ್ಬಳು ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ದರ್ಜಿಯ ಮಗಳು, ಎಣ್ಣೆ ಹಚ್ಚಿದ ಬಿಗಿ ಜಡೆ, ಮಾತು ಕಡಿಮೆ. ಎಲ್ಲರೂ ಮಲಗಿದಾಗ ಮೊಣಕೈ ಊರಿ ತಲೆ ಎತ್ತಿ ಅತ್ತಿತ್ತ ನೋಡುತ್ತಿದ್ದಳು. ಟೀಚರ್ ಪುಸಲಾಯಿಸಿದಳು, ಗದರಿದಳು. ಏನೂ ನಾಟಲಿಲ್ಲ.

ಒಂದು ದಿನ ಮುಖ್ಯೋಪಾಧ್ಯಾಯಿನಿ ಹೊರಗಿನ ಅತಿಥಿಗಳನ್ನು ಕರೆತಂದರು. ಮಲಗಿದ ಮಕ್ಕಳ ನಡುವೆ ಆ ಒಂದು ತಲೆ ಎದ್ದೇ ಇತ್ತು. ಟೀಚರ್ ಮುಖ ಕೆಂಪಾಯಿತು.

"ಏನೇ ಗೂಬೆ, ನಿನಗೊಬ್ಬಳಿಗೇ ಬೇರೆ ಹೇಳ್ಬೇಕಾ?"

ಮಲಗಿದ್ದವರೆಲ್ಲ ಎದ್ದು ಕೂತು ನಕ್ಕರು. ಅತಿಥಿಗಳೂ ನಕ್ಕರು. ಮರುದಿನದಿಂದ ಆ ಹುಡುಗಿಯ ಹೆಸರು ಗೂಬೆ. ಮುಂದಿನ ವಾರದಿಂದ ಯೋಗದ ದಿನವೆಂದರೆ ಅವಳಿಗೆ ಹೊಟ್ಟೆನೋವು. ಟೀಚರ್ ಒಳಗೊಳಗೇ ಪೀಡೆ ತೊಲಗಿತು ಎಂದುಕೊಂಡಳು.

ಒಂದು ಸಂಜೆ ದರ್ಜಿ ಗೇಟಿನ ಬಳಿ ಕಾದು ನಿಂತಿದ್ದ. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು.

"ತಪ್ಪು ತಿಳ್ಕೋಬೇಡಿ ಮೇಡಂ. ನಮ್ಮಮ್ಮ ತೀರ್ಕೊಂಡಾಗ ಮಗೂಗೆ ಏನು ಹೇಳೋದು ಗೊತ್ತಾಗ್ಲಿಲ್ಲ. ಅಜ್ಜಿ ಕಣ್ಣು ಮುಚ್ಕೊಂಡ್ರು ಅಂದ್ಬಿಟ್ವಿ. ಈಗ ನಾವು ಮಲಗಿದ್ರೂ ಬಂದು ರೆಪ್ಪೆ ಎತ್ತಿ ನೋಡ್ತಾಳೆ."

ಟೀಚರ್ ಆಗಲೇ ಅವನ ಜೊತೆ ಮನೆಗೆ ಹೋದಳು. ಅಂಗಡಿಯ ಹಿಂದಿನ ಒಂದೇ ಕೋಣೆ. ನೆಲದ ತುಂಬ ಬಟ್ಟೆಯ ಚೂರು. ಹುಡುಗಿ ಹೊಲಿಗೆ ಯಂತ್ರದ ಮರೆಗೆ ಸರಿದಳು. ಟೀಚರ್ ಚೂರುಗಳ ನಡುವೆಯೇ ಕೂತಳು.

"ನಂದು ತಪ್ಪಾಯ್ತು ಪುಟ್ಟಿ. ನಿನಗೆ ಭಯ ಆಗ್ತಿತ್ತಾ?"

"ನನಗಲ್ಲ," ಎಂದಳು ಹುಡುಗಿ. "ಶವ ಅಂದ್ರೆ ಸತ್ತೋದೋರು ಅಂತ ಅಕ್ಕ ಹೇಳಿದ್ಲು. ಎಲ್ಲರೂ ಕಣ್ಣು ಮುಚ್ಚಿದ್ರೆ ಅವರನ್ನ ಯಾರು ನೋಡ್ಕೋತಾರೆ? ಅದಕ್ಕೇ ನಾನು ಕಾಯ್ತಿದ್ದೆ."

ಟೀಚರ್ ಅವಳ ಹತ್ತಿರ ಸರಿದು, ಒಮ್ಮೆ ಬಂದು ನೋಡು, ಕಣ್ಣು ಬಿಟ್ಟುಕೊಂಡೇ ಇರು ಎಂದು ಬೇಡಿಕೊಂಡಳು.

ಹುಡುಗಿ ಬಂದಳು ಕೂಡ. ಹೆಗಲಿನ ಚೀಲ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಮಕ್ಕಳು ಒಂದೇ ದನಿಯಲ್ಲಿ, "ಗೂಬೆ ಬಂತು, ಗೂಬೆ ಬಂತು!" ಎಂದು ಕುಣಿದರು. "ಬಾಯ್ಮುಚ್ಚಿ!" ಎಂದು ಟೀಚರ್ ಅಬ್ಬರಿಸಿ ತಿರುಗುವಷ್ಟರಲ್ಲಿ ಬಾಗಿಲು ಖಾಲಿ. ಹಾಗೆ ಕರೆಯಬೇಡಿ ಎಂದು ಆಮೇಲೆ ಎಷ್ಟು ತಿಳಿ ಹೇಳಿದರೂ ಮಕ್ಕಳು ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಸುಮ್ಮನೆಯೇ? ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ದರ್ಜಿ ಮಗಳನ್ನು ಬೇರೆ ಶಾಲೆಗೆ ಸೇರಿಸಿದ್ದ.

ಕೊನೆಗೆ ಮಲಗುವ ಆಸನವನ್ನು ಶವಾಸನ ಎನ್ನುವುದನ್ನೇ ಟೀಚರ್ ಬಿಟ್ಟಳು. ಸರದಿಯಂತೆ ಒಂದು ಮಗುವನ್ನು ತನ್ನ ಪಕ್ಕ ಕೂರಿಸಿಕೊಂಡು, "ನಾವಿಬ್ರೂ ಎಲ್ಲರನ್ನೂ ನೋಡ್ಕೊಳ್ಳೋಣ" ಎನ್ನುತ್ತಿದ್ದಳು. ಆ ಮಗು ಗುಸುಗುಸು ಎನ್ನುತ್ತಿತ್ತು, ಮಲಗಿದವರು ಕಿಸಕ್ಕೆನ್ನುತ್ತಿದ್ದರು. ಕೋಣೆ ಮೊದಲಿನಷ್ಟು ಸದ್ದಿಲ್ಲದೆ ಇರುತ್ತಿರಲಿಲ್ಲ. "ನಿಮ್ಮ ಹಿಡಿತ ಸಡಿಲವಾಯ್ತಲ್ರೀ," ಎಂದರು ಮುಖ್ಯೋಪಾಧ್ಯಾಯಿನಿ.

"ಹೌದು ಮೇಡಂ," ಎಂದಷ್ಟೇ ಹೇಳಿ ಅವಳು ಚಾಪೆಗಳನ್ನು ಸುತ್ತತೊಡಗಿದಳು.