ತಲೆಸುತ್ತಿಗೆ ಗುರಪಾದಪ್ಪನ ಲಿಂಬೆ

ಇಂಡಿ ಪೇಟೆಯಲ್ಲಿ ಯಾರಿಗೆ ದಿಢೀರನೆ ತಲೆ ತಿರುಗಿದರೂ ಔಷಧಿ ಅಂಗಡಿಯ ಗುರಪಾದಪ್ಪನಿಗೆ ಕಾರಣ ಗೊತ್ತು. "ಪಿತ್ತ ಏರೇತ್ರಿ, ಲಿಂಬಿಹಣ್ಣು ಹಿಂಡಿ ಕುಡೀರಿ!" ಉಪವಾಸವಿದ್ದವರಿಗೂ ಬಿಪಿ ಇಳಿದವರಿಗೂ ಅದೇ ಮಾತು. ಅವನ ಅಂಗಡಿಯ ಎದುರಿಗೆ ಹೊಸದಾಗಿ ದವಾಖಾನೆ ತೆರೆದ ಕಿವಿ ಡಾಕ್ಟರು ಮಾತ್ರ, ಕಿವಿಯೊಳಗಿನ ಹರಳು ಜಾರಿದೆಯೆಂದು ರೋಗಿಯನ್ನು ಮಲಗಿಸಿ, ಗೋಣು ಹೊರಳಿಸಿ, ನೆಟ್ಟಗೆ ನಡೆಸಿ ಕಳಿಸುತ್ತಾರೆ. ಅದನ್ನು ಕಂಡ ಗುರಪಾದಪ್ಪ ಹೊಟ್ಟೆಕಿಚ್ಚಿನಿಂದ ಗಿರಾಕಿಗಳೆದುರು ಹಂಗಿಸುತ್ತಾನೆ. "ಗೋಣು ಕಟಿಂಗ್ ಅಂಗಡ್ಯಾಗೂ ತಿರುವ್ತಾರ ತಗೀರಿ!" ಮೊನ್ನೆ ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಹೆಂಡತಿ ಸಾವಿತ್ರವ್ವನಿಗೆ ಮನೆಯೇ ಗಿರಗಿರ ತಿರುಗಿತು. ಲಿಂಬೆ ಪಾನಕ ಕುಡಿಸಿ ಅಂಗಡಿಗೆ ಬಂದವನು, ಮಧ್ಯಾಹ್ನ ಅವಳು ಎದುರಿನ ದವಾಖಾನೆಯ ಮೆಟ್ಟಿಲು ಸರಸರ ಇಳಿಯುವುದನ್ನು ಕಂಡ. ಸಂಜೆ ಮನೆಗೆ ಹೋಗಿ, "ಆರಾಮಾತೇನು?" ಎಂದ. "ನಿಮ್ಮ ಲಿಂಬಿಹಣ್ಣಿಂದನ ಆತ್ರಿ," ಎಂದಳು. ಮಾನ ಕಾಯಲು ಇಷ್ಟು ಚೆಂದದ ಸುಳ್ಳು ಹೇಳುವವರು ಆ ಡಾಕ್ಟರಿಗೆಲ್ಲಿದ್ದಾರೆ ಎಂದುಕೊಂಡು ಗುರಪಾದಪ್ಪ ಅವಳಿಗೆ ಇನ್ನೊಂದು ಹಣ್ಣು ಹಿಂಡಿದ.