ಹಲ್ಲಿನಿಂದ ಶ್ರುತಿ ಕೇಳಿದವರು

ಹೋದ ವಾರ ಬನಹಟ್ಟಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಬ್ಯಾಂಡಿನವರು ಊಟಕ್ಕೆ ಕೂತಾಗ ಅವರ ಸೈಡ್ ಡ್ರಮ್ಮನ್ನು ಮುಟ್ಟಿ ನೋಡಿದೆ. ಮೇಲೆ ಹಾಕಿದ್ದು ತೊಗಲಲ್ಲ, ಪ್ಲಾಸ್ಟಿಕ್ಕು. ಬಗ್ಗಿ ಮೂಸಿದೆ. ಯಾವ ವಾಸನೆಯೂ ಇರಲಿಲ್ಲ. ನೀರಲ್ಲಿ ನೆನೆದ ಆಡಿನ ತೊಗಲಿನ ವಾಸನೆ ಒಮ್ಮೆಲೇ ನೆನಪಾಯಿತು, ಅದರ ಬೆನ್ನಿಗೇ ನಮ್ಮ ಡ್ರಮ್ ಮಾಸ್ತರು. ಅವರ ಸುದ್ದಿಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನದನ್ನೂ ಹೇಳಬೇಕಾಗುತ್ತದೆ...

ಸಂಸ್ಥಾನಗಳು ಇನ್ನೂ ಇದ್ದ ಕಾಲ. ಜಮಖಂಡಿಯ ಒಂದು ಮದುವೆ ಬ್ಯಾಂಡಿನಲ್ಲಿ ನಾನು ದೊಡ್ಡ ಡ್ರಮ್ ಬಾರಿಸುತ್ತಿದ್ದೆ. ಇಪ್ಪತ್ತೈದರ ವಯಸ್ಸು, ಮದುವೆಯಾಗಿತ್ತು. ಮಾಸ್ತರು ಸೈಡ್ ಡ್ರಮ್. ಬೀಳಗಿ ಕಡೆ ಹೊಳೆದಂಡೆಯ ಹಳ್ಳಿಯವರು, ಪಲ್ಟನ್ನಿನಲ್ಲಿ ಕಲಿತು ಬಂದವರು, ಐವತ್ತು ದಾಟಿದವರು. ಮೆರವಣಿಗೆಯಲ್ಲಿ ಜರಿಯಂಚಿನ ಕೆಂಪು ಕೋಟು ಅವರೊಬ್ಬರಿಗೇ. ಜನ ನೋಡುತ್ತಿದ್ದುದು ಅವರನ್ನು. ಹೊಟ್ಟೆಯ ಮೇಲೆ ಗುಡಾಣದಂಥದ್ದನ್ನು ಹೊತ್ತು ಹಿಂದೆ ಬರುವ ನನ್ನನ್ನು ಯಾರು ನೋಡುತ್ತಾರೆ?

ತೊಗಲು ಆರಿಸುವುದಕ್ಕೆ ಅವರು ನನ್ನನ್ನೂ ಕರೆದೊಯ್ಯುತ್ತಿದ್ದರು. ಇಪ್ಪತ್ತು ನೋಡಿ ಒಂದು ತೆಗೆಯುವರು. "ಹೋತಿಂದು ಬ್ಯಾಡ ತಮ್ಮಾ, ದಪ್ಪ ಇರತೈತಿ, ದನಿ ಮೊಂಡ. ಹೆಣ್ಣಾಡಿಂದು ತಗೋ. ಅದೂ ಭಾಳ ಮರಿ ಹಾಕಿದ್ದು ಬ್ಯಾಡ, ಹೊಟ್ಟಿ ಕಡೆ ಜಾಳಾಗಿರತೈತಿ," ಎನ್ನುತ್ತ ಬಿಸಿಲಿಗೆ ಹಿಡಿದು ಉಣ್ಣಿ ಕಡಿದ ಚುಕ್ಕೆ ಹುಡುಕುವರು. ನೆನೆಸಿದ ತೊಗಲನ್ನು ಬೆನ್ನುಗೆರೆ ನಟ್ಟನಡುವೆ ಬರುವಂತೆ ಕಟ್ಟಿಗೆಯ ಬಳೆಗೆ ಸುತ್ತಿ, ನೆರಳಲ್ಲಿ ಒಣಗಿಸಿ, ಆಮೇಲೆ ಹಗ್ಗ. ಈ ಕಡೆ ಒಂದೆಳೆತ, ಎದುರಿಗೆ ಒಂದೆಳೆತ. ಪ್ರತಿ ಸಲವೂ ಬಳೆಯನ್ನು ಹಲ್ಲಿನಿಂದ ಕಚ್ಚಿ, ಕಣ್ಣು ಮುಚ್ಚಿ, ತೊಗಲಿನ ಅಂಚಿಗೆ ಉಗುರಿನಿಂದ ತಟ್ಟುವರು. ಸುತ್ತಲೂ ಒಂದೇ ಶ್ರುತಿ ಬರುವ ತನಕ ಬಿಡುತ್ತಿರಲಿಲ್ಲ. ಕಚ್ಚುವುದು ಅವರ ಒಂದು ಚಟ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅವರ ಬೆನ್ನ ಹಿಂದೆ ಹಿತ್ತಾಳೆ ಕೊಡ ಗೋಡೆಯ ಮಾಡದಿಂದ ಉರುಳಿ ಬಿತ್ತು. ನಾನು ಬೆಚ್ಚಿಬಿದ್ದೆ. ಅವರು ತಿರುಗಲೇ ಇಲ್ಲ. ಎದುರಿಗೆ ಬಂದು ನಿಂತೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಎರಡು ವರ್ಷಾತು. ವಿಷಮಜ್ವರ ಬಂದು ಹೋತಲ್ಲ, ಅವಾಗಿಂದ ಹೊರಗಿಂದು ಏನೂ ಕೇಳಂಗಿಲ್ಲ. ಹಲ್ಲಿಗೆ ಹಚ್ಚಿದ್ರ ಒಳಗ ಕೇಳತೈತಿ. ಬಾಯಿ ನೋಡಿ ಮಾತು ತಿಳಕೋತೇನಿ, ಕಾರ್ನೆಟ್ ಊದವರ ಬೆರಳು ನೋಡಿ ತಾಳ. ಮಾಲಕಗ ಹೇಳಬ್ಯಾಡ ತಮ್ಮಾ."

"ಹೇಳಂಗಿಲ್ರಿ ಮಾಸ್ತರ," ಅಂದೆ. ನನ್ನ ತುಟಿ ನೋಡಿ ನಂಬಿದರು.

ಎಂಟು ದಿನಕ್ಕೆ ಹೇಳಿದೆ. ಮುಧೋಳದ ದೊಡ್ಡ ವ್ಯಾಪಾರಿಯೊಬ್ಬರ ಮನೆಯ ಮದುವೆ ಬಂದಿತ್ತು. ಆ ಕೆಂಪು ಕೋಟು ತೊಟ್ಟು ಮುಂದೆ ನಡೆಯಬೇಕೆಂಬ ಆಸೆ, ಅಷ್ಟೇ. ಬೇರೆ ಯಾವ ಕಾರಣವೂ ಇರಲಿಲ್ಲ. ಬ್ಯಾಂಡಿನ ಮಾಲಕ ಮೊದಲು ನಂಬಲಿಲ್ಲ. "ಒಂದು ತಾಳ ತಪ್ಪಿಲ್ಲಲ್ಲೋ!" ಅಂದ. ಆಮೇಲೆ ನಕ್ಕ. "ತಡಿ, ಮದುವಿ ಮನ್ಯಾಗ ಒಂದು ಗಮ್ಮತ್ತು ನೋಡೂಣು."

ಮುಧೋಳದಲ್ಲಿ ಊಟ ಮುಗಿದು ಬೀಗರೆಲ್ಲ ಹಂದರದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಮಾಲಕ ಕೈ ಎತ್ತಿದ. ಕಾರ್ನೆಟ್ಟಿನವರು ಮೊದಲೇ ಹೇಳಿಕೊಟ್ಟಂತೆ ಗಲ್ಲ ಉಬ್ಬಿಸಿ ಬೆರಳು ಆಡಿಸಿದರು, ಊದಲಿಲ್ಲ. ನಾನು ತುದಿಗೆ ಅರಿವೆಯ ಉಂಡೆ ಕಟ್ಟಿದ ಕೋಲು ಬೀಸಿ, ತೊಗಲಿಗೆ ಒಂದು ಬೆರಳು ಅಂತರದಲ್ಲಿ ನಿಲ್ಲಿಸುತ್ತಿದ್ದೆ. ಮಾಸ್ತರರ ಡ್ರಮ್ ಒಂದೇ ನುಡಿಯುತ್ತಿತ್ತು.

ಅಂಥ ಬಾರಿಸುವಿಕೆ ನಾನು ಮತ್ತೆ ಕೇಳಿಲ್ಲ. ಬೇರೆ ಸದ್ದಿಲ್ಲದ್ದರಿಂದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕಾರ್ನೆಟ್ಟಿನ ಬೆರಳುಗಳ ಮೇಲೆ ಕಣ್ಣಿಟ್ಟು, ಒಂದೂ ತಪ್ಪದೆ... ಬೀಗರಿಗೆ ಮೊದಲು ತಿಳಿಯಲಿಲ್ಲ. ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು, ಪರದೆಯ ಹಿಂದಿನ ಹೆಂಗಸರೂ. ಜನ ಖುಷಿಯಾಗಿದ್ದಾರೆ ಎಂದು ಮಾಸ್ತರು ತಿಳಿದರು. ತಾವೂ ನಕ್ಕು, ಅವರಿಗಾಗಿ ಇನ್ನೊಂದು ಉದ್ದನೆಯ ಮೊಳಗು ಉರುಳಿಸಿದರು.

ಏನು ಸಂಶಯ ಬಂತೋ. ಎಡಗೈಯಲ್ಲಿ ಬಾರಿಸುತ್ತಲೇ ಬಲಗೈ ಚಾಚಿ ನನ್ನ ಡ್ರಮ್ಮಿನ ತೊಗಲಿನ ಮೇಲೆ ಅಂಗೈ ಇಟ್ಟರು. ನಾನು ಕೋಲು ಬೀಸಿದೆ, ನಿಲ್ಲಿಸಿದೆ. ತೊಗಲು ಅಲುಗಲಿಲ್ಲ. ಅವರ ಅಂಗೈ ಅಲ್ಲೇ ಇತ್ತು. ಮಾಲಕನ ಕಡೆ ಅವರು ನೋಡಲಿಲ್ಲ. ನನ್ನ ಮುಖ ನೋಡಿದರು.

ಕೋಟು ಮಾಲಕನದು. ಅಲ್ಲೇ, ಎಲ್ಲರೆದುರಿಗೆ ಬಿಚ್ಚಿಸಿದ. ಒಳಗಿನ ಬನಿಯನ್ನು ಹರಿದಿತ್ತು. ಮಾಸ್ತರು ಡ್ರಮ್ಮನ್ನು ನನ್ನ ಕಾಲ ಬಳಿ ಇಟ್ಟು, ಅದರ ಮೇಲೆ ಕಡ್ಡಿಗಳನ್ನು ಜೋಡಿಸಿ, ಆ ಬಿಸಿಲಲ್ಲಿ ಬೀಳಗಿ ದಾರಿ ಹಿಡಿದರು. ಸಂಜೆಯ ಮೆರವಣಿಗೆಗೆ ಕೋಟು ನಾನು ತೊಟ್ಟೆ. ಬೆನ್ನ ಮೇಲೆ ಅವರ ಬೆವರು ಇನ್ನೂ ಹಸಿಯಾಗಿತ್ತು.

ಮರುವರ್ಷ ಮಳೆಗಾಲದಲ್ಲಿ ಸೈಡ್ ಡ್ರಮ್ಮಿನ ತೊಗಲು ಸೀಳಿತು. ನಾನು ಆರಿಸಿದ ಮೂರರಲ್ಲಿ ಒಂದೂ ನುಡಿಯಲಿಲ್ಲ. ಮಾಲಕ ಬೈಯತೊಡಗಿದ. ಕೊನೆಗೆ ಡ್ರಮ್ ಹೊತ್ತುಕೊಂಡು ಮಾಸ್ತರರ ಊರಿಗೇ ಹೋದೆ. ಅಂಗಳದಲ್ಲಿ ತೊಗಲಿನ ಕೂದಲು ಹೆರೆಯುತ್ತ ಕೂತಿದ್ದರು. ಬಾ ಎನ್ನಲಿಲ್ಲ.

"ಒಂದು ತೊಗಲು ಬೇಕಾಗಿತ್ರಿ ಮಾಸ್ತರ."

ತುಟಿ ನೋಡಿದರು. "ಮ್ಯಾಲಿಂದೊ, ಕೆಳಗಿಂದೊ?"

"ಮ್ಯಾಲಿಂದ್ರಿ."

ಮೂರು ದಿನ ಅಲ್ಲಿದ್ದೆ. ಅವರ ಹೆಂಡತಿ ಕಟ್ಟೆಯ ಮೇಲೆ ರೊಟ್ಟಿ ತಂದಿಡುತ್ತಿದ್ದರು. ಮಾಸ್ತರು ನನ್ನ ಜೊತೆ ಕೂತು ಉಣ್ಣಲಿಲ್ಲ. ಮೂರನೆಯ ದಿನ ಹಗ್ಗ ಬಿಗಿದು, ಬಳೆ ಕಚ್ಚಿ, ಶ್ರುತಿ ಮಾಡಿ ನನ್ನ ಮುಂದಿಟ್ಟರು. ನಾನು ಕೈ ಮುಗಿದೆ.

"ತಪ್ಪಾತ್ರಿ ಮಾಸ್ತರ. ಮಾಲಕಗ ಹೇಳಿದಾಂವ ನಾನ."

"ಏನಂದಿ?"

ಮತ್ತೆ ಹೇಳಿದೆ, ಜೋರಾಗಿ. ನೆರೆಮನೆಯವರು ಹೊರಗೆ ಬಂದರು.

"ಕೇಳಂಗಿಲ್ಲಪಾ ನನಗ."

ಮೂರನೆಯ ಸಲ ಒದರಿದೆ. ಓಣಿಗೆಲ್ಲ ಕೇಳಿಸಿತು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಕೊನೆಯ ಅಕ್ಷರದ ತನಕ. "ಕೇಳಂಗಿಲ್ಲ ಅಂದ್ನೆಲ್ಲ," ಎಂದು ಡ್ರಮ್ಮನ್ನು ಎತ್ತಿ ನನ್ನ ಕೈಗಿಟ್ಟು ಒಳಗೆ ಹೋದರು.

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಅಂದರು: "ಅವರಿಗೆ ತಿಳದೈತಿ. ಹೋಗಪಾ ನೀ."

ಆ ತೊಗಲು ವರ್ಷಗಟ್ಟಲೆ ಬಾಳಿತು. ಎಲ್ಲಿ ತಟ್ಟಿದರೂ ಒಂದೇ ನುಡಿ. ಜನ ನನ್ನನ್ನು ಹೊಗಳಿದರು. ಸಂಸ್ಥಾನಗಳು ಹೋದವು, ಮಾಲಕ ಸತ್ತ, ಬ್ಯಾಂಡು ಒಡೆಯಿತು. ಮಾಸ್ತರು ತೀರಿಕೊಂಡ ಸುದ್ದಿ ಸಂತೆಗೆ ಬಂದವರೊಬ್ಬರಿಂದ ತಿಳಿಯಿತು, ಅದಾಗಿ ಎಷ್ಟೋ ತಿಂಗಳ ಮೇಲೆ. ನಾನು ಹೋಗಲಿಲ್ಲ.

ಈಗ ನನಗೆ ಎಂಬತ್ತು ದಾಟಿದೆ. ಅವರ ಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಊರನ್ನು ಬೇರೆ ಕಡೆ ಎಬ್ಬಿಸಿದ್ದಾರೆ. ಅಲ್ಲಿ ಅವರ ಮನೆತನದವರು ಇರಬಹುದು. ಮದುವೆ ಮುಗಿಸಿ ಹೊರಟಾಗ ಮಗ ಕೇಳಿದ, ಈ ಕಡೆ ಯಾರನ್ನಾದರೂ ನೋಡುವುದಿದೆಯೇ, ಕರೆದುಕೊಂಡು ಹೋಗುತ್ತೇನೆ ಎಂದು. ಬೇಡ ಅಂದೆ. ಹೇಳಬೇಕಾದವರಿಗೆ ಮೂರು ಸಲ ಹೇಳಿದ್ದೇನೆ. ಅವರು ಒಲ್ಲೆ ಅಂದದ್ದನ್ನು ಅವರ ಮಕ್ಕಳ ಬಾಯಿಂದ ಕ್ಷಮೆಯಾಗಿ ಪಡೆದು ಬರಲು ನಾನು ಯಾರು...