ಸೊನ್ನೆಯಲ್ಲಿ ನಿಂತ ನಾಬ್‌ಗಳು

ಕಾಸರಗೋಡಿನ ಪ್ರೇಮ ತಿರುವನಂತಪುರದ ಶ್ರೀಕಾರ್ಯಂನ ಒಂದು ಪ್ರಯೋಗಾಲಯದಲ್ಲಿ ಮರಗೆಣಸಿನ ಪಿಷ್ಟ ಅಳೆಯುತ್ತಾಳೆ. ರಜೆಯಲ್ಲಿ ರೈಲು ಹತ್ತಿ ಕೊಚ್ಚಿಗೆ ಹೋಗಿ ಒಂದು ಸಣ್ಣ ತಂಡದಲ್ಲಿ ಸಿಂಥಸೈಜರ್ ನುಡಿಸುತ್ತಾಳೆ. ವಾದ್ಯದ ಎಡಮೂಲೆಯಲ್ಲಿ ತಿರುಗಿಸುವ ನಾಲ್ಕು ನಾಬ್‌ಗಳಿವೆ, ಅವುಗಳ ಮೇಲೆ ಹೆಸರಿಲ್ಲ. ಯಾವ ನಾಬ್ ಏನು ಮಾಡಬೇಕೆಂದು ನುಡಿಸುವವರೇ ಗೊತ್ತುಮಾಡಬೇಕು. ಪ್ರೇಮ ಮೊದಲನೆಯದಕ್ಕೆ ದನಿಯ ಹೊಳಪನ್ನೂ ಎರಡನೆಯದಕ್ಕೆ ಪ್ರತಿಧ್ವನಿಯನ್ನೂ ವಹಿಸಿದ್ದಳು. ಉಳಿದೆರಡರ ಕೆಲಸ ಹಾಡಿನಿಂದ ಹಾಡಿಗೆ ಬದಲಾಗುತ್ತಿತ್ತು.

ತಂಡದ ಮುಖ್ಯಸ್ಥ, ಡ್ರಮ್ಸ್ ಬಾರಿಸುವ ಇಸ್ಮಾಯಿಲ್‌ಗೆ ಈ ತಿರುಗಿಸಾಟದ ಮೇಲೆ ನಂಬಿಕೆಯಿರಲಿಲ್ಲ.

"ಎಲ್ಲ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಿಂದ ಬಿಟ್ಟರೆ ಆಯ್ತಲ್ಲ ಮಾರಾಯ್ತಿ. ಕಾಕ್ಕನಾಡಿನ ಕಾರ್ಯಕ್ರಮ ಒಂದು ನೋಡುವ. ಅಲ್ಲಿ ಎಡವಟ್ಟಾದ್ರೆ ಮತ್ತೆ ಟ್ರ್ಯಾಕೇ."

ರೆಕಾರ್ಡ್ ಮಾಡಿದ ಟ್ರ್ಯಾಕ್ ಬಂದರೆ ತಂಡದಲ್ಲಿ ತನಗೆ ಜಾಗವಿಲ್ಲವೆಂದು ಪ್ರೇಮಳಿಗೆ ಗೊತ್ತಿತ್ತು.

ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನ ಕನ್ನಡಿಗರ ಕಾರ್ಯಕ್ರಮಕ್ಕೆ ಪ್ರೇಮಳ ತಾಯಿ ಚಂದ್ರಾವತಿಯೂ ಜೊತೆಗೆ ಬಂದರು. ಮಧ್ಯಾಹ್ನ ವೇದಿಕೆಯಲ್ಲಿ ಪರೀಕ್ಷೆಗೆಂದು ಹಾಡು ಶುರುವಾಯಿತು. ದನಿ ಚೆನ್ನಾಗಿಯೇ ಇತ್ತು. ಪ್ರೇಮ ಮೊದಲ ನಾಬನ್ನು ಕೊಂಚ ಮುಟ್ಟಿದಳು, ಅಷ್ಟೇ. ಹಾಡುತ್ತಿದ್ದ ಜುಬೈದಾಳ ಹಿಂದೆ ತುಂಬಿದ್ದ ನಾದ ಕಂಬಳಿ ಹೊದಿಸಿದಂತೆ ಮಂಕಾಗಿಹೋಯಿತು.

"ಎಂತ ಪ್ರೇಮ, ಇಲ್ಲೂ ಮರಗೆಣಸು ಬೇಯಿಸ್ತಿದ್ದೀಯಾ?" ಎಂದ ಇಸ್ಮಾಯಿಲ್.

ಅವಳು ನಾಬ್‌ಗಳನ್ನು ನೋಡಿದಳು. ನಾಲ್ಕೂ ಸೊನ್ನೆಯಲ್ಲಿ ಸಾಲಾಗಿ ನಿಂತಿದ್ದವು.

"ಅಮ್ಮಾ, ನೀನು ಇದನ್ನು ಮುಟ್ಟಿದ್ಯಾ?"

"ಮತ್ತೆಂತ! ಎಲ್ಲ ಅರ್ಧಂಬರ್ಧ ತಿರುಗಿಕೊಂಡಿತ್ತು. ಮನೆಯಿಂದ ಹೊರಡುವಾಗ ಆಫ್ ಮಾಡದೆ ಬರ್ಲಿಕ್ಕುಂಟಾ?"

ಗ್ಯಾಸ್ ಒಲೆ, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಮುಟ್ಟಿ ನೋಡದೆ ಚಂದ್ರಾವತಿ ಬೀಗ ಹಾಕುವವರಲ್ಲ. ವಾದ್ಯದ ನಾಬ್‌ಗಳನ್ನೂ ಹಾಗೆಯೇ ಸೊನ್ನೆಗೆ ತಿರುಗಿಸಿದ್ದರು. ಆದರೆ ವಾದ್ಯದ ಮೆಮೊರಿಯಲ್ಲಿ ಹೊಳಪು ಹಿಂದಿನ ಅಳತೆಯಲ್ಲೇ ಉಳಿದಿತ್ತು. ಕೈ ತಾಗಿದೊಡನೆ ದನಿ ನಾಬ್ ಇದ್ದ ಜಾಗಕ್ಕೆ, ಅಂದರೆ ಸೊನ್ನೆಗೆ, ಜಿಗಿದಿತ್ತು.

ಇಸ್ಮಾಯಿಲ್ ಚೀಲದಿಂದ ಲ್ಯಾಪ್‌ಟಾಪ್ ಹೊರತೆಗೆದ.

"ಇಸ್ಮಾಯಿಲಿಕ್ಕಾ, ಚಾಯ ಕುಡಿದು ಬನ್ನಿ. ಅಷ್ಟರಲ್ಲಿ ಸರಿಮಾಡ್ತೇನೆ," ಎಂದಳು ಪ್ರೇಮ.

ಹಳೆಯ ಜಾಗಗಳಿಗೆ ಮತ್ತೆ ತಿರುಗಿಸಿಡಬಹುದಿತ್ತು. ಆದರೆ ರೈಲಿನ ಕುಲುಕಾಟವೋ ಯಾರದೋ ಕೈಯೋ ನಾಳೆ ಅವನ್ನು ಮತ್ತೆ ಕದಲಿಸುತ್ತದೆ. ಯಾವಾಗಲೂ ಖಚಿತವಾಗಿ ಸಿಗುವ ಜಾಗ ಸೊನ್ನೆಯೊಂದೇ. ಅವಳು ಪ್ರತಿ ಹಾಡಿಗೂ ನಾಬ್‌ಗಳ ವ್ಯಾಪ್ತಿಯನ್ನು ವಾದ್ಯದಲ್ಲಿ ಬದಲಿಸಿದಳು: ನಾಬ್ ಸೊನ್ನೆಯಲ್ಲಿದ್ದರೆ ಹಾಡಿನ ಆರಂಭದ ದನಿ, ಬಲಕ್ಕೆ ತಿರುಗಿಸಿದಷ್ಟೂ ಬೆಳವಣಿಗೆ. ಹಾಡು ಮುಗಿದೊಡನೆ ನಾಲ್ಕನ್ನೂ ಎಡಕ್ಕೆ ತಿರುಗಿಸಿಬಿಟ್ಟರೆ ಮುಂದಿನದಕ್ಕೆ ಸಿದ್ಧ.

ಸಂಜೆ ಮೊದಲ ಹಾಡಿನಲ್ಲಿ ಅವಳು ಮೊದಲ ನಾಬನ್ನು ಕೊಂಚ ಬಲಕ್ಕೆ ತಿರುಗಿಸಿದಳು. ದನಿ ಜಿಗಿಯಲಿಲ್ಲ.

ಕೊನೆಯ ಹಾಡಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟತೊಡಗಿದರು. ಜುಬೈದಾ ಕೊನೆಯ ಸಾಲನ್ನು ಬಿಡದೆ ಮತ್ತೆ ಮತ್ತೆ ಎತ್ತಿಕೊಂಡಳು. ರೆಕಾರ್ಡಾದ ಟ್ರ್ಯಾಕ್ ಆಗಿದ್ದರೆ ಅಷ್ಟರಲ್ಲಿ ಮುಗಿದಿರುತ್ತಿತ್ತು. ಪ್ರೇಮ ಬಲಗೈಯಲ್ಲಿ ನುಡಿಸುತ್ತ, ಎಡಗೈಯಲ್ಲಿ ನಾಬನ್ನು ಕೂದಲೆಳೆಯಷ್ಟು ತಿರುಗಿಸುತ್ತ ಅವಳ ಹಿಂದೆಯೇ ಹೋದಳು.

"ಇನ್ನೂ ಉಂಟಾ?" ಡ್ರಮ್ಸ್ ನಡುವಿನಿಂದ ಇಸ್ಮಾಯಿಲ್ ಕೂಗಿದ.

"ಉಂಟು!"

ಕಾರ್ಯಕ್ರಮ ಮುಗಿದ ಮೇಲೆ ಅವನು ತೆರೆಯದ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿದ. "ಮುಂದಿನ ತಿಂಗಳು ನಿಮ್ಮ ತಿರುವನಂತಪುರದಲ್ಲೇ ಕಾರ್ಯಕ್ರಮ. ಈ ಲ್ಯಾಪ್‌ಟಾಪ್ ಮನೆಯಲ್ಲೇ ಇರ್ಲಿ. ನೀನು ಅಮ್ಮನನ್ನು ಕರ್ಕೊಂಡು ಬಾ, ಆಫ್ ಮಾಡ್ಲಿಕ್ಕೆ ಜನ ಬೇಕಲ್ಲ."

ಚಂದ್ರಾವತಿ ಆಗಲೇ ವೇದಿಕೆ ಹತ್ತಿ ಮೂರನೆಯ ನಾಬ್ ತಿರುಗಿಸುತ್ತಿದ್ದರು. ನಾಲ್ಕನೆಯದೂ ಮುಗಿಯುವವರೆಗೆ ಪ್ರೇಮ ವಾದ್ಯದ ಚೀಲದ ಬಾಯಿ ತೆರೆದು ಹಿಡಿದು ನಿಂತಳು.